ರಾಣಿಯರ ಉಡುಗೆ, ಊರಿನ ಕಣ್ಣು: ಓದುಗರ ಪ್ರಶ್ನೆ, ನಮ್ಮ ಉತ್ತರ

ರಾಜಮನೆತನದ ಹೆಂಗಸರು ಏನುಟ್ಟರು, ಹೇಗೆ ಕಂಡರು ಎಂದು ಪತ್ರಿಕೆ, ಟಿವಿಗಳು ಅಳೆದು ತೂಗುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಿಂದಲೂ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಹಳಿಯಾಳದಿಂದಲೂ ಪತ್ರಗಳು ಬಂದಿವೆ. ಅರ್ಧಕ್ಕರ್ಧ ಪತ್ರಗಳು ಲಂಡನ್ನಿನ ಅರಮನೆಯ ನೆಪದಲ್ಲಿ ನಮ್ಮ ಮನೆಯದನ್ನೇ ಕೇಳಿವೆ. ಹೊಲಿಗೆ ಬಲ್ಲವರೂ ಸುದ್ದಿಮನೆಯ ಕೆಲಸ ಬಲ್ಲವರೂ ಸೇರಿ ಉತ್ತರಿಸಿದ್ದೇವೆ.

ಹೆಂಗಸರ ಉಡುಪಿನ ಮೇಲಿನ ಈ ಟೀಕೆ ಟಿವಿ, ಮೊಬೈಲ್ ಬಂದ ಮೇಲಿನ ರೋಗವೇ? ಮೊದಲೂ ಇತ್ತೇ?
— ಉಪನ್ಯಾಸಕಿ, ಕುಮಟಾ

ಇತ್ತು. 400 ವರ್ಷ ಹಳೆಯ ಉದಾಹರಣೆ ನಮ್ಮ ಕರಾವಳಿಯಲ್ಲೇ ಸಿಗುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದ. ಗೇರುಸೊಪ್ಪೆಯ ದಾರಿಯಾಗಿ ಇಕ್ಕೇರಿಗೆ ಹೋದ. ಆಮೇಲೆ ಮಂಗಳೂರಿನ ಕಡೆ ಇಳಿದು ಉಳ್ಳಾಲದ ರಾಣಿಯನ್ನು ಕಂಡ. ಆಕೆ ಬರಿಗಾಲಲ್ಲಿದ್ದಳು, ಸೊಂಟಕ್ಕೆ ದಪ್ಪ ಹತ್ತಿಯ ಬಟ್ಟೆ ಸುತ್ತಿದ್ದಳು, ತಲೆಯ ಮೇಲಿನ ಬಟ್ಟೆ ಹೆಗಲಿಗೆ ಇಳಿದಿತ್ತು. ನೋಡಿದರೆ ಅಡುಗೆಮನೆಯ ಆಳೋ ಬಟ್ಟೆ ಒಗೆಯುವವಳೋ ಅನ್ನಿಸುವಳೇ ಹೊರತು ರಾಣಿ ಅನ್ನಿಸುವುದಿಲ್ಲ ಎಂದು ಬರೆದಿಟ್ಟ. ಸ್ಪೇನಿನ ದೊರೆಯ ಸೈನ್ಯವನ್ನು ಸೋಲಿಸಿದವಳು ಇವಳೇ ಎಂಬ ಬೆರಗನ್ನೂ ಅಲ್ಲೇ ಬರೆದ. ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಕೈಯಲ್ಲೇ ಇತ್ತು. ಆಕೆ ಮಾತಾಡತೊಡಗಿದ ಮೇಲೆ, ಈಕೆಯ ದೊಡ್ಡಸ್ತಿಕೆ ರೂಪಕ್ಕಿಂತ ಮಾತಿನಲ್ಲೇ ಹೆಚ್ಚು ಕಂಡಿತು ಎಂದೂ ಒಪ್ಪಿಕೊಂಡ. ಅವನ ಕಣ್ಣಿಗಿದ್ದ ಅಳತೆಗೋಲು ರೋಮಿನದು. ನಮ್ಮ ಕರಾವಳಿಯ ಸೆಕೆಯಲ್ಲಿ ಓಡಾಡಿ ಕೆಲಸ ನೋಡಿಕೊಳ್ಳುವವಳಿಗೆ ಹತ್ತಿಯ ಬಟ್ಟೆಗಿಂತ ಸರಿಯಾದ ಉಡುಗೆ ಯಾವುದಿತ್ತು?

ಫ್ರಾನ್ಸಿನಲ್ಲಿ 1783ರಲ್ಲಿ ಇದೇ ಕತೆ ಚಿತ್ರದ ರೂಪದಲ್ಲಿ ನಡೆಯಿತು. ಎಲಿಜಬೆತ್ ವಿಜೆ ಲ ಬ್ರ್ಯಾಂ ಎಂಬ ಕಲಾವಿದೆ ರಾಣಿ ಮರಿ ಆಂತ್ವಾನೆತ್‌ಳನ್ನು ಬಿಳಿ ಮಸ್ಲಿನ್ ಉಡುಪಿನಲ್ಲಿ, ಹುಲ್ಲಿನ ಟೋಪಿಯಲ್ಲಿ ಬರೆದು ಪ್ಯಾರಿಸ್ಸಿನ ಪ್ರದರ್ಶನಕ್ಕಿಟ್ಟಳು. ರಾಣಿಯನ್ನು ಒಳಉಡುಪಿನಲ್ಲಿ ಬರೆದಿದ್ದಾರೆ ಎಂದು ಗದ್ದಲವಾಯಿತು. ಲಿಯೋನ್ ನಗರದ ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೆದು, ಹೊರಗಿನಿಂದ ಬರುವ ಮಸ್ಲಿನ್ ಉಡುತ್ತಾಳೆ ಎಂಬ ಆಕ್ಷೇಪವೂ ಬಂತು. ಆ ಮಸ್ಲಿನ್ ಹೆಚ್ಚಾಗಿ ನಮ್ಮ ದೇಶದ ನೇಯ್ಗೆ. ಆ ಚಿತ್ರವನ್ನು ಪ್ರದರ್ಶನದಿಂದ ತೆಗೆದು, ಅದೇ ಭಂಗಿಯಲ್ಲಿ ಕೈಯಲ್ಲಿ ಗುಲಾಬಿ ಹಿಡಿದು ರೇಷ್ಮೆಯುಟ್ಟ ಇನ್ನೊಂದು ಚಿತ್ರ ಇಡಬೇಕಾಯಿತು. ದುಬಾರಿ ಉಡುಪಿಗೆ ದುಂದುಗಾತಿ ಎಂದು ಬೈಸಿಕೊಂಡ ಅದೇ ರಾಣಿ ಸರಳ ಉಡುಪಿಗೆ ಮಾನಗೇಡಿ ಎಂದೂ ಬೈಸಿಕೊಂಡಳು. ಇವತ್ತಿನ ಟೀಕೆಯ ಅಚ್ಚು ಅಲ್ಲೇ ಇದೆ. ಯಾವ ಉಡುಪೂ ಅದರಿಂದ ಪಾರು ಮಾಡುವುದಿಲ್ಲ.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದು ಕಾಳುಮೆಣಸಿನ ರಾಣಿ ಎಂದು. ಆಕೆ ಏನು ಉಡುತ್ತಿದ್ದಳು ಎಂಬುದು ಜನರ ನೆನಪಿನಲ್ಲಿಲ್ಲ. ಉಳಿದಿರುವುದು ಮೆಣಸಿನ ವ್ಯಾಪಾರ, ಮಿರ್ಜಾನ್ ಕೋಟೆ. ಒಬ್ಬ ಅರಸಿಯನ್ನು ಹೀಗೂ ನೆನಪಿಡಬಹುದು.

ಗಂಡಸರ ಉಡುಪಿನ ಬಗ್ಗೆ ಯಾಕೆ ಇಷ್ಟು ಬರೆಯುವುದಿಲ್ಲ?
— ಪದವಿ ವಿದ್ಯಾರ್ಥಿನಿ, ಶಿರಸಿ

ಗಂಡಸಿಗೆ ಸೂಟು ಅಥವಾ ಸೇನೆಯ ಸಮವಸ್ತ್ರ. ನೂರು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ಹೆಂಗಸು ಪ್ರತಿ ಸಮಾರಂಭಕ್ಕೂ ಹೊಸದಾಗಿ ಆರಿಸಬೇಕು. ಆರಿಸಿದ್ದೆಲ್ಲ ಸುದ್ದಿಯಾಗುತ್ತದೆ. ಅದರ ಹಿಂದೆ ದುಡ್ಡೂ ಇದೆ. 2010ರ ನವೆಂಬರ್ 16ರಂದು ರಾಜಕುಮಾರ ವಿಲಿಯಂ ಜೊತೆ ನಿಶ್ಚಿತಾರ್ಥ ಪ್ರಕಟವಾದಾಗ ಕೇಟ್ ಮಿಡಲ್‌ಟನ್ ಇಸ್ಸಾ ಎಂಬ ಚಿಕ್ಕ ಕಂಪನಿಯ ನೀಲಿ ಉಡುಪು ತೊಟ್ಟಿದ್ದರು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅಂಗಡಿಗಳಲ್ಲಿ ಅದು ಖಾಲಿ. ಅಷ್ಟು ಬೇಡಿಕೆ ಪೂರೈಸುವ ಬಂಡವಾಳ ಹೊಂದಿಸುವುದೇ ಕಂಪನಿಗೆ ಕಷ್ಟವಾಗಿ, ಕೆಲವೇ ವರ್ಷಗಳಲ್ಲಿ ಅದು ಬಾಗಿಲು ಹಾಕಿತು. ಒಂದು ಫೋಟೊ ಇಷ್ಟು ಮಾರಾಟ ಮಾಡಿಸುತ್ತದೆ ಎಂದ ಮೇಲೆ ಕ್ಯಾಮೆರಾಗಳು ಹೆಂಗಸಿನ ಕಡೆಗೇ ತಿರುಗುತ್ತವೆ.

ಕಡಲತೀರದ ವೇದಿಕೆಗೆ ಗೌನ್ ಹೊಲಿಸುವ ಗಿರಾಕಿಗಳು, ಇಂಗ್ಲೆಂಡಿನ ರಾಣಿಯ ಉಡುಪಿಗೆ ತೂಕ ಹೊಲಿಯುತ್ತಾರಂತೆ, ನಮಗೂ ಹಾಗೇ ಮಾಡಿಕೊಡಿ ಅನ್ನುತ್ತಾರೆ. ಎಷ್ಟು ತೂಕ, ಎಲ್ಲಿ ಹಾಕಬೇಕು?
— ಟೇಲರ್, ಕಾರವಾರ

ಮಾತು ನಿಜ. ಎರಡನೇ ಎಲಿಜಬೆತ್ ರಾಣಿಯ ಉಡುಪಿನ ಕೆಳ ಅಂಚಿನೊಳಗೆ ಪರದೆಗೆ ಹಾಕುವಂಥ ಸಣ್ಣ ತೂಕಗಳನ್ನು ಹೊಲಿಯುತ್ತಿದ್ದುದನ್ನು ಅವರ ಉಡುಪು ಹೊಲಿದವರೇ ಹೇಳಿದ್ದಾರೆ. ಶನೆಲ್ ಕಂಪನಿಯ ಜಾಕೆಟ್ಟುಗಳ ಕೆಳ ಅಂಚಿಗೆ ಒಳಗಿನಿಂದ ತೆಳು ಸರಪಳಿ ಹೊಲಿಯುವುದೂ ಇದೇ ಉದ್ದೇಶಕ್ಕೆ. ಬಟ್ಟೆ ಎದ್ದು ನಿಲ್ಲದೆ ನೇರ ಇಳಿಯಬೇಕು.

ಮೊದಲು ಬಟ್ಟೆ ನೋಡಿ. ಚದರ ಮೀಟರಿಗೆ 100 ಗ್ರಾಂಗಿಂತ ಹಗುರವಾದ ಜಾರ್ಜೆಟ್, ಶಿಫಾನಿಗೆ ಗಾಳಿ ಹೊಕ್ಕರೆ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ತೂಕಕ್ಕಿಂತ ಮೊದಲು ಲೈನಿಂಗ್ ಬೇಕು. ಲೈನಿಂಗಿನ ಘೇರು ಹೊರಬಟ್ಟೆಗಿಂತ ಕಡಿಮೆಯಿರಲಿ, ಉದ್ದ 4–5 ಸೆಂ.ಮೀ. ಗಿಡ್ಡವಿರಲಿ. ಎರಡು ಪದರದ ನಡುವೆ ಗಾಳಿ ಸಿಕ್ಕಿ ಹೊರಪದರ ಹಾರಿದರೂ ಒಳಪದರ ಕಾಲಿಗೆ ಅಂಟಿ ನಿಲ್ಲುತ್ತದೆ.

ಆಮೇಲೆ ತೂಕ. ಕೆಳ ಸುತ್ತಳತೆ ಎರಡೂವರೆ ಮೀಟರ್ ಇದ್ದರೆ 8 ತೂಕ, ಒಂದೊಂದು 8ರಿಂದ 10 ಗ್ರಾಂ ಸಾಕು. ಕೆಳಮಡಿಕೆಯನ್ನು 4 ಸೆಂ.ಮೀ. ಬಿಡಿ. ಪ್ರತಿ ತೂಕಕ್ಕೆ ಹತ್ತಿಬಟ್ಟೆಯ 3 ಸೆಂ.ಮೀ. ಚೌಕದ ಪುಟ್ಟ ಚೀಲ ಹೊಲಿದು ಅದನ್ನು ಮಡಿಕೆಯ ಒಳಪದರಕ್ಕೆ ಮಾತ್ರ ಕೈಹೊಲಿಗೆ ಹಾಕಿ. ಹೊರಬಟ್ಟೆಗೆ ಸೂಜಿ ದಾಟಬಾರದು, ದಾಟಿದರೆ ಅಲ್ಲಿ ಗುಳಿ ಬೀಳುತ್ತದೆ. ಮೊದಲ ತೂಕಗಳು ಪಕ್ಕದ ಜೋಡು ಹೊಲಿಗೆಗಳ ಮೇಲೆ ಕೂರಲಿ, ಅಲ್ಲಿ ಬಟ್ಟೆಗೆ ಬಲವಿದೆ. ಉಳಿದವನ್ನು ಮುಂದೆ, ಹಿಂದೆ ಸಮದೂರಕ್ಕೆ ಹಂಚಿ. ಸೀಳು ಇದ್ದರೆ ಅದರ ಎರಡೂ ಮೂಲೆಗೆ ಒಂದೊಂದು ಕಡ್ಡಾಯ. ಮೊದಲು ಹಾರುವುದು ಆ ಮೂಲೆಯೇ.

ಕೆಡುವುದು ಎಲ್ಲಿ ಎಂಬುದನ್ನೂ ಹೇಳುತ್ತೇವೆ. ಕಾರವಾರದಲ್ಲಿ ಬೀಸುಬಲೆಯ ಸೀಸದ ಗುಂಡು ಸುಲಭಕ್ಕೆ ಸಿಗುತ್ತದೆ, ಅದನ್ನು ಬಳಸಬೇಡಿ. ಸೀಸ ಉಜ್ಜಿದಲ್ಲೆಲ್ಲ ಬಟ್ಟೆಗೆ ಬೂದುಗಪ್ಪು ಬಣ್ಣ ಹತ್ತುತ್ತದೆ, ಮುಟ್ಟಿದ ಕೈ ಬಾಯಿಗೆ ಹೋದರೆ ವಿಷ. ಕಬ್ಬಿಣದ ವಾಷರ್ ಹಾಕಿದರೆ ಇಲ್ಲಿಯ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಕಲೆ ಬಿಡುತ್ತದೆ. ಅಂಚು ನಯವಾದ ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಒಳ್ಳೆಯದು. ಓರೆಯಾಗಿ ಕತ್ತರಿಸಿದ ಬಟ್ಟೆಗೆ ಬಿಡಿ ತೂಕ ಹಾಕಿದರೆ ಆ ಜಾಗವಷ್ಟೇ ಜೋತು ಬೀಳುತ್ತದೆ, ಅಂಥದ್ದಕ್ಕೆ ಸುತ್ತಲೂ ತೆಳು ಸರಪಳಿಯೇ ಸರಿ. ಒಂದೊಂದು ತೂಕ 15 ಗ್ರಾಂ ದಾಟಿದರೆ ನಡೆಯುವಾಗ ಮೊಣಕಾಲ ಕೆಳಗೆ ಬಡಿಯುತ್ತದೆ. ಒಗೆಯುವ ಮೊದಲು ಬಿಚ್ಚಬೇಕು ಎಂದು ಗಿರಾಕಿಗೆ ಹೇಳಿ ಕಳಿಸಿ.

ಸೀರೆಗಾದರೆ ಈ ತೂಕ ಬೇಡ. ತೆಳು ಪಾಲಿಯೆಸ್ಟರ್ ಫಾಲ್ ಬದಲು 3 ಇಂಚಿನ ಹತ್ತಿಯ ಫಾಲ್ ಹಾಕಿ. ಸೊಂಟದಲ್ಲಿ ನೆರಿಗೆ ಪಿನ್ ಮಾಡಿದ ಮೇಲೆ ಮೊಣಕಾಲ ಮಟ್ಟದಲ್ಲಿ ಒಳಗಿನ ಎರಡು ಮೂರು ನೆರಿಗೆಗಳನ್ನು ಮಾತ್ರ ಸೇರಿಸಿ ಇನ್ನೊಂದು ಪಿನ್ ಹಾಕಿಸಿ. ಹೊರಗಿನ ನೆರಿಗೆ ಬಿಡುಬೀಸಾಗಿ ಕಾಣುತ್ತದೆ, ಒಳಗಿನದು ಹಾರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಗಾಳಿ ಗೆಲ್ಲಬಹುದು. 2011ರ ಜುಲೈನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ವಿಮಾನದಿಂದ ಇಳಿದ ಕೇಟ್ ಅವರ ಹಳದಿ ಉಡುಪು ಗಾಳಿಗೆ ಎದ್ದಿತು. 2014ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಹೆಲಿಕಾಪ್ಟರಿನ ಗಾಳಿಗೆ ಮತ್ತೆ ಹಾಗಾದಾಗ, ಹಿಂದಿನಿಂದ ತೆಗೆದ ಚಿತ್ರವನ್ನು ಜರ್ಮನಿಯ ಪತ್ರಿಕೆಯೊಂದು ಅಚ್ಚು ಹಾಕಿತು. ತೂಕ ಹೊಲಿಸಬೇಕಿತ್ತು ಎಂದು ಉಪದೇಶ ಮಾಡಿದವರು ಬಹಳ. ಉಡುಪು ಹಾರಿಸಿದ್ದು ಗಾಳಿ. ಆ ಕ್ಷಣದ ಚಿತ್ರವನ್ನು ಆರಿಸಿ ಪುಟಕ್ಕೆ ಹಾಕಿದವರು ಮನುಷ್ಯರು. ಟೀಕೆ ಸಲ್ಲಬೇಕಾದದ್ದು ಅವರಿಗೆ.

ಶಾಲೆಯ ಕಾರ್ಯಕ್ರಮದ ಫೋಟೊದಲ್ಲಿ ನನ್ನ ಸೀರೆ ಪಾರದರ್ಶಕವಾಗಿ ಬಂದಿದೆ. ಕನ್ನಡಿಯಲ್ಲಿ ಹಾಗೆ ಕಂಡಿರಲಿಲ್ಲ. ಯಾಕೆ?
— ಶಿಕ್ಷಕಿ, ಅಂಕೋಲಾ

1980ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಶಿಶುವಿಹಾರವೊಂದರಲ್ಲಿ ಕೆಲಸ ಮಾಡುತ್ತಿದ್ದ 19 ವರ್ಷದ ಡಯಾನಾಗೆ ಆದದ್ದೂ ಇದೇ. ಸುದ್ದಿಗಾರರು ಮಗುವನ್ನೆತ್ತಿಕೊಂಡು ನಿಲ್ಲಿಸಿದರು. ಬೆನ್ನ ಹಿಂದೆ ಬಿಸಿಲಿತ್ತು. ತೆಳು ಲಂಗದೊಳಗಿನ ಕಾಲು ಮರುದಿನದ ಪತ್ರಿಕೆಗಳಲ್ಲಿ ಕಂಡಿತು.

ಕೋಣೆಯ ಬೆಳಕು ನಾಲ್ಕೂ ಕಡೆಯಿಂದ ಬರುತ್ತದೆ, ಹಾಗಾಗಿ ಕನ್ನಡಿಯೆದುರು ಗೊತ್ತಾಗುವುದಿಲ್ಲ. ಬಿಸಿಲು ಹಿಂದಿನಿಂದ ಬಿದ್ದರೆ ಮೈಯ ನೆರಳು ಬಟ್ಟೆಯ ಮೇಲೆ ಮೂಡುತ್ತದೆ. ಫ್ಲ್ಯಾಷ್ ಮುಂದಿನಿಂದ ಬಿದ್ದರೆ ಬೆಳಕು ತೆಳು ಬಟ್ಟೆಯನ್ನು ದಾಟಿ ಒಳಗಿನ ಬಿಳಿ ಉಡುಪಿಗೆ ತಾಗಿ ಹಿಂತಿರುಗುತ್ತದೆ. ಬಿಳಿಯ ಒಳಗೆ ಬಿಳಿ ತೊಟ್ಟರೆ ಎದ್ದು ಕಾಣುವುದು ಇದಕ್ಕೇ. ಮೈಬಣ್ಣದ ಒಳಉಡುಪು ತೊಡಿ. ಒಳಲಂಗ ಪಾಪ್ಲಿನ್ ಹತ್ತಿಯದ್ದಾಗಿರಲಿ, ಸೀರೆಯ ಬಣ್ಣಕ್ಕಿಂತ ಒಂದು ಛಾಯೆ ಗಾಢವಿರಲಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಉಟ್ಟುಕೊಂಡು ಬೆಳಗಿನ ಬಿಸಿಲು ಬೀಳುವ ಬಾಗಿಲಿಗೆ ಬೆನ್ನು ಹಾಕಿ ಕಾಲು ಸ್ವಲ್ಪ ಅಗಲಿಸಿ ನಿಲ್ಲಿ. ಮನೆಯವರಿಂದ ಒಂದು ಫೋಟೊ ತೆಗೆಸಿ. ಆಮೇಲೆ ಕೋಣೆ ಕತ್ತಲು ಮಾಡಿ ಎರಡು ಮೀಟರ್ ದೂರದಿಂದ ಮೊಬೈಲ್ ಫ್ಲ್ಯಾಷ್ ಹಾಕಿ ಇನ್ನೊಂದು. ಎರಡರಲ್ಲೂ ಪಾಸಾದ ಸೀರೆ ಎಲ್ಲ ವೇದಿಕೆಗೂ ಆದೀತು. ಮಳೆಗಾಲದಲ್ಲಿ ಮಾತ್ರ ಇದು ಸಾಲದು. ಒಣ ಹತ್ತಿಯ ಎಳೆಗಳ ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ, ಅದಕ್ಕೇ ಬಟ್ಟೆ ಮುಚ್ಚಿದಂತೆ ಕಾಣುತ್ತದೆ. ನೆನೆದಾಗ ಆ ಜಾಗಕ್ಕೆ ನೀರು ಹೊಕ್ಕು ಬೆಳಕು ಸೀದಾ ದಾಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳು ಬಣ್ಣದ ಕಾಟನ್ ಬದಲು ಗಾಢ ಬಣ್ಣ ಅಥವಾ ಒತ್ತಾದ ಪ್ರಿಂಟ್ ಆರಿಸಿ.

ಮದುವೆ ಹಾಲ್ ಕುಮಟೆಯಲ್ಲಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಹೋಗುವಷ್ಟರಲ್ಲಿ ಮದುಮಗಳ ರೇಷ್ಮೆ ಮುದುಡದಂತೆ ಏನು ಮಾಡಬೇಕು?
— ಗೃಹಿಣಿ, ಶಿರಸಿ

ಉಟ್ಟು ಹೊರಡಬೇಡಿ, ಅಲ್ಲಿಗೆ ಹೋಗಿ ಉಡಿಸಿ. 1981ರ ಜುಲೈ 29ರಂದು ಡಯಾನಾ ಮದುವೆಯ ಉಡುಪಿನ ಹಿಂಬಾಲ (ನೆಲದ ಮೇಲೆ ಎಳೆದು ಬರುವ ಹಿಂಭಾಗ) 25 ಅಡಿ, ಅಂದರೆ ಏಳೂವರೆ ಮೀಟರಿಗೂ ಹೆಚ್ಚು. ಅದನ್ನು ಕುದುರೆ ಗಾಡಿಯೊಳಗೆ ತುರುಕಿದ್ದರಿಂದ ಚರ್ಚಿನ ಮೆಟ್ಟಿಲಲ್ಲಿ ಇಳಿಯುವಾಗ ಪೂರ್ತಿ ಸುಕ್ಕು. ಜಗತ್ತಿಡೀ ಟಿವಿಯಲ್ಲಿ ನೋಡಿತು, ಇವತ್ತಿಗೂ ಆಡುತ್ತದೆ. ಆ ಬಟ್ಟೆ ರೇಷ್ಮೆ ಟಫೆಟಾ. ನೇಯ್ಗೆ ಬಹಳ ಬಿಗಿ, ಎಳೆ ಸರಿದಾಡಲು ಜಾಗವಿಲ್ಲ, ಬಿದ್ದ ಗೆರೆ ಬಿದ್ದದ್ದೇ. ನಮ್ಮ ಬಿಗಿ ನೇಯ್ಗೆಯ ರೇಷ್ಮೆ ಸೀರೆಗಳೂ ಹಾಗೇ. ಸೀರೆಯನ್ನು ಉದ್ದಕ್ಕೆ ಒಂದೇ ಮಡಿಕೆ ಹಾಕಿ, ಬಟ್ಟೆ ಅಂಗಡಿಯಲ್ಲಿ ಸಿಗುವ ರಟ್ಟಿನ ಕೊಳವೆಗೆ ತೊಳೆದ ಬಿಳಿ ಪಂಚೆ ಸುತ್ತಿ, ಅದರ ಮೇಲೆ ಸೀರೆ ಸುರುಳಿ ಸುತ್ತಿ ಒಯ್ಯಿರಿ. ಮೈಸೂರು ಕ್ರೇಪ್ ಆದರೆ ಇಷ್ಟು ಚಿಂತೆ ಬೇಡ. ಅದರ ನೂಲಿಗೇ ಹುರಿ ಇರುವುದರಿಂದ ಮಡಿಕೆ ತಾನಾಗಿ ಬಿಡುತ್ತದೆ.

ಹೆರಿಗೆಯಾದ ಹನ್ನೆರಡನೇ ದಿನದ ನಾಮಕರಣಕ್ಕೆ ಬಂದವರು ಮಗಳಿಗೆ "ಹೊಟ್ಟೆ ಇನ್ನೂ ಇಳಿದಿಲ್ಲವಲ್ಲ" ಎಂದು ಅಂದು ಅಳಿಸಿದರು. ಇಂಗ್ಲೆಂಡಿನ ರಾಜಕುಮಾರನ ಹೆಂಡತಿ ಮರುದಿನವೇ ಚೆಂದವಾಗಿ ಬಂದು ನಿಂತಳಲ್ಲ ಎಂಬ ಹೋಲಿಕೆ ಬೇರೆ. ಏನು ಹೇಳಲಿ?
— ತಾಯಿ, ಹೊನ್ನಾವರ

ಆ ಚಿತ್ರವನ್ನೇ ಮತ್ತೊಮ್ಮೆ ನೋಡಲು ಹೇಳಿ. ಕೇಟ್ ಮೊದಲ ಮಗುವನ್ನು ಹೆತ್ತದ್ದು 2013ರ ಜುಲೈ 22ರಂದು. ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ಚುಕ್ಕೆಯ ನೀಲಿ ಉಡುಪಿನಲ್ಲಿ ನಿಂತಾಗ ಹೊಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಮುಚ್ಚದೆ ಬಂದದ್ದಕ್ಕೆ ಎಷ್ಟೋ ಬಾಣಂತಿಯರಿಗೆ ಸಮಾಧಾನವಾಯಿತು. ಅದೇ ವಾರ ಅಲ್ಲಿಯ ವಾರಪತ್ರಿಕೆಯೊಂದು ಆಕೆ ತೂಕ ಇಳಿಸುವ ಬಗೆಯನ್ನು ಮುಖಪುಟಕ್ಕೆ ಹಾಕಿತು. ಓದುಗರು ಪತ್ರಿಕೆ ಕೊಳ್ಳಬೇಡಿ ಎಂದು ಕರೆ ಕೊಟ್ಟರು, ಪತ್ರಿಕೆ ಕ್ಷಮೆ ಕೇಳಿತು.

ದೇಹದ ಲೆಕ್ಕ ಹೀಗಿದೆ. ಹೆರಿಗೆಯಾದ ಕೂಡಲೇ ಗರ್ಭಕೋಶ ಹೊಕ್ಕುಳ ಮಟ್ಟದಲ್ಲಿ, ಸುಮಾರು ಒಂದು ಕಿಲೋ ತೂಕ ಇರುತ್ತದೆ. ದಿನಕ್ಕೆ ಹೆಚ್ಚುಕಡಿಮೆ ಒಂದು ಸೆಂ.ಮೀ. ಇಳಿಯುತ್ತದೆ. ಎರಡು ವಾರಕ್ಕೆ ಕಿಬ್ಬೊಟ್ಟೆಯ ಎಲುಬಿನ ಹಿಂದೆ ಸರಿಯುತ್ತದೆ. ಮೊದಲಿನ ಗಾತ್ರಕ್ಕೆ ಬರಲು ಆರು ವಾರ ಬೇಕು. ಅಗಲವಾದ ಹೊಟ್ಟೆಯ ಸ್ನಾಯು ಕೂಡಲು ತಿಂಗಳುಗಳೇ ಹಿಡಿಯಬಹುದು. ಹನ್ನೆರಡನೇ ದಿನ ಹೊಟ್ಟೆ ಕಂಡರೆ ಅದು ಸರಿಯಾಗಿಯೇ ಇದೆ. ಯಾರೋ ಅಂದರೆಂದು ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಿಸಬೇಡಿ. ಬಿಗಿತ ಹೆಚ್ಚಾದರೆ ಒತ್ತಡ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತದೆ. ಸಿಸೇರಿಯನ್ ಆಗಿದ್ದರೆ ವೈದ್ಯರನ್ನು ಕೇಳದೆ ಪಟ್ಟಿ ಬೇಡ. ಉಡುಪಿನಲ್ಲಿ ಎದೆಯ ಕೆಳಗೇ ಕತ್ತರಿಸಿ ಘೇರು ಬಿಟ್ಟ ಹತ್ತಿಯ ಅಂಗಿ, ಹಾಲೂಡಿಸಲು ಪಕ್ಕದಲ್ಲಿ ಜಿಪ್ ಇದ್ದರೆ ಸುಖ. ಸೀರೆಯೇ ಬೇಕೆಂದರೆ ಲಾಡಿಯ ಬದಲು ಅಗಲ ಇಲಾಸ್ಟಿಕ್ಕಿನ ಒಳಲಂಗ ಹಾಕಿಸಿ. ಗಾಯಕ್ಕೆ ತಾಗದಂತೆ ಹೊಕ್ಕುಳಿಗಿಂತ ಮೇಲೆ ಉಡಿಸಿ.

ನಮ್ಮ ದೇಶದ ರಾಣಿಯರಿಗೂ ಹೀಗೇ ಆಗಿದೆಯೇ?
— ನಿವೃತ್ತ ಗ್ರಂಥಪಾಲಕ, ಹಳಿಯಾಳ

ಆಗಿದೆ, ಆದರೆ ಬೈಗುಳಕ್ಕಿಂತ ಹೊಗಳಿಕೆಯ ರೂಪದಲ್ಲಿ. ಕೂಚ್ ಬೆಹಾರಿನ ಇಂದಿರಾದೇವಿ 1922ರಲ್ಲಿ ವಿಧವೆಯಾದ ಮೇಲೆ ಫ್ರಾನ್ಸಿನಿಂದ ಬಿಳಿ ಶಿಫಾನ್ ಸೀರೆ ತರಿಸಿ ಉಟ್ಟರು. ಅದೇ ದೇಶದ ಶ್ರೀಮಂತ ಮನೆಗಳ ಫ್ಯಾಷನ್ ಆಯಿತು. ಮಗಳು, ಜೈಪುರದ ಗಾಯತ್ರಿದೇವಿ, 1962ರ ಲೋಕಸಭಾ ಚುನಾವಣೆಯಲ್ಲಿ ದಾಖಲೆಯ ಅಂತರದಿಂದ ಗೆದ್ದರು. ತುರ್ತುಪರಿಸ್ಥಿತಿಯಲ್ಲಿ ತಿಹಾರ್ ಜೈಲಿನಲ್ಲಿದ್ದರು. ಅವರ ಬಗ್ಗೆ ಬರೆಯುವವರು ಮಾತ್ರ ಶಿಫಾನ್, ಮುತ್ತಿನ ಸರದಿಂದಲೇ ಶುರುಮಾಡುತ್ತಾರೆ.

ಮೈಸೂರಿನದು ಬೇರೆ ಬಗೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ಹೆಂಗಸರ ಚಿತ್ರವನ್ನು ಮೈಸೂರು ಅರಮನೆಯ ಸ್ತ್ರೀಯರದ್ದೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂಬುದು ಅವರ ವಿವರಣೆ. ಜನರ ಕಣ್ಣು ಹೇಗೂ ತಮ್ಮ ಮೇಲಿರುತ್ತದೆ ಎಂದಾದಾಗ ಅದನ್ನು ಒಂದು ಕೆಲಸಕ್ಕೆ ಹಚ್ಚಿದ ಜಾಣತನ ಅದು.

ಹಾಗಾದರೆ ಉಡುಪಿನ ಬಗ್ಗೆ ಬರೆಯಲೇಬಾರದೇ? ಬರೆಯುವುದಾದರೆ ಹೇಗೆ?
— ಪತ್ರಿಕೋದ್ಯಮ ವಿದ್ಯಾರ್ಥಿ, ಯಲ್ಲಾಪುರ

ಧಾರಾಳವಾಗಿ ಬರೆಯಿರಿ. ಉಡುಪು ಅವರ ಕೆಲಸದ ಭಾಗ, ಯೋಚಿಸಿ ಆರಿಸಿದ್ದು. 1947ರಲ್ಲಿ ಎಲಿಜಬೆತ್ ಮದುವೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಇತ್ತು. ಜನ ತಮ್ಮ ಕೂಪನ್ ಕಳಿಸಿದರು, ಇನ್ನೊಬ್ಬರ ಕೂಪನ್ ಬಳಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಅವನ್ನೆಲ್ಲ ಹಿಂತಿರುಗಿಸಬೇಕಾಯಿತು. 1953ರ ಪಟ್ಟಾಭಿಷೇಕದ ಉಡುಪಿನ ಕಸೂತಿಯಲ್ಲಿ ಭಾರತದ ಕಮಲವೂ ಇತ್ತು. 2018ರಲ್ಲಿ ರಾಜಕುಮಾರ ಹ್ಯಾರಿಯನ್ನು ವರಿಸಿದ ಮೇಗನ್ ಮದುವೆಯ ಮೇಲುಮುಸುಕಿನಲ್ಲಿ ಕಾಮನ್‌ವೆಲ್ತಿನ 53 ದೇಶಗಳ ಹೂಗಳಿದ್ದವು. ಯಾರು ಹೊಲಿದರು, ಯಾವ ಸಂದೇಶ, ದುಡ್ಡು ಯಾರದು, ಆ ದೇಶದ ನೇಕಾರರಿಗೆ ಏನು ಸಿಕ್ಕಿತು? ಇವೆಲ್ಲ ನ್ಯಾಯವಾದ ಪ್ರಶ್ನೆಗಳು, ಕಟುವಾಗಿಯೇ ಕೇಳಬಹುದು. ಮೈತೂಕ, ಮೈಬಣ್ಣ, ಮುಖದ ಸುಕ್ಕು, ಬಸಿರಿದ್ದಾಳೋ ಇಲ್ಲವೋ ಎಂಬ ಊಹೆ ಬಂದ ಕೂಡಲೇ ನೀವು ಉಡುಪು ಬಿಟ್ಟು ಮೈಗೆ ಹೋದಿರಿ ಎಂದರ್ಥ.

ಬರೆದ ವಾಕ್ಯದಲ್ಲಿ ಆಕೆಯ ಜಾಗಕ್ಕೆ ಅದೇ ಹುದ್ದೆಯ ಗಂಡಸನ್ನು ಹಾಕಿ ಓದಿ. ಅಸಂಬದ್ಧ ಅನ್ನಿಸಿದರೆ ಹೊಡೆದುಹಾಕಿ. ಮಿಂಚಿದರು, ಕಂಗೊಳಿಸಿದರು, ಕಣ್ಮನ ಸೆಳೆದರು ಎಂಬ ಕ್ರಿಯಾಪದಗಳು ಸುದ್ದಿ ಹೇಳುವುದಿಲ್ಲ. ಫೋಟೊ ಅಡಿಬರಹದಲ್ಲಿ ಯಾರು, ಎಲ್ಲಿ, ಯಾತಕ್ಕೆ ಎಂಬುದು ಮುಗಿದ ಮೇಲೆ ಉಡುಪು ಬರಲಿ.

ಚಿತ್ರ ಆರಿಸುವಾಗ ಇನ್ನೂ ಎಚ್ಚರ ಬೇಕು. ಈಗಿನ ಕ್ಯಾಮೆರಾ ಒಂದು ಸೆಕೆಂಡಿಗೆ 10–20 ಚಿತ್ರ ತೆಗೆಯುತ್ತದೆ. ಅದರಲ್ಲಿ ಕಣ್ಣು ಅರೆಮುಚ್ಚಿದ್ದು, ಬಾಯಿ ಸೊಟ್ಟಗಾದದ್ದು ಇದ್ದೇ ಇರುತ್ತದೆ. ಅದನ್ನೇ ಆರಿಸಿ "ಸಿಟ್ಟಾದ ರಾಣಿ" ಎಂದು ಬರೆದರೆ ಸುಳ್ಳು ಬರೆದಂತೆ. ವೇದಿಕೆಯ ಕೆಳಗಿನಿಂದ ತೆಗೆದರೆ ಸೊಂಟ, ಗಲ್ಲ ದಪ್ಪ ಕಾಣುತ್ತದೆ. ಅಗಲ ಕೋನದ ಲೆನ್ಸಿನಲ್ಲಿ ಅಂಚಿಗೆ ನಿಂತವರು ಹಿಗ್ಗುತ್ತಾರೆ. ಉದ್ದ ಲೆನ್ಸು ಹಿಂದಿನವರನ್ನು ಮುಂದಿನವರ ಪಕ್ಕಕ್ಕೇ ತಂದಂತೆ ತೋರಿಸುತ್ತದೆ. ದಪ್ಪಗಾದರು, ಬಸಿರಿರಬಹುದು ಎಂಬ ಎಷ್ಟೋ ಸುದ್ದಿಗಳ ಬುಡ ಇಷ್ಟೇ. 2024ರ ಮಾರ್ಚಿನಲ್ಲಿ ಕೇಟ್ ಕಾಣಿಸುತ್ತಿಲ್ಲ, ಕಂಡ ವಿಡಿಯೊದಲ್ಲಿ ಮುಖ ಬೇರೆ ಇದೆ ಎಂದು ವಾರಗಟ್ಟಲೆ ಚರ್ಚಿಸಿದರು. ಅರಮನೆ ಬಿಡುಗಡೆ ಮಾಡಿದ ಚಿತ್ರವನ್ನು ತಿದ್ದಲಾಗಿದೆ ಎಂದು ಸುದ್ದಿಸಂಸ್ಥೆಗಳು ಹಿಂತೆಗೆದುಕೊಂಡಾಗ ಊಹೆ ಇನ್ನೂ ಹೆಚ್ಚಿತು. ಮಾರ್ಚ್ 22ರಂದು ಆಕೆ ತನಗೆ ಕ್ಯಾನ್ಸರ್ ಎಂದು ಹೇಳಬೇಕಾಯಿತು. ಚಿತ್ರ ತಿದ್ದಿದ್ದನ್ನು ಪ್ರಶ್ನಿಸಿದ್ದು ಸರಿಯಾದ ಪತ್ರಿಕೋದ್ಯಮ. ಮುಖ ಅಳೆದದ್ದು ಕ್ರೌರ್ಯ.

ನಮ್ಮ ಜಿಲ್ಲೆಯದ್ದೂ ಒಂದಿದೆ, ಆಕೆ ರಾಣಿಯಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ 2021ರ ನವೆಂಬರ್ 8ರಂದು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಮಣಿಸರಗಳ ಜೊತೆ, ಬರಿಗಾಲಲ್ಲಿ ಪದ್ಮಶ್ರೀ ಪಡೆದರು. ದೇಶವಿಡೀ ಆ ಚಿತ್ರ ನೋಡಿ ಸರಳತೆ ಎಂದು ಕೊಂಡಾಡಿತು. ಕುತ್ತಿಗೆಯ ಬಳಿ ಗಂಟು ಹಾಕಿ ಉಡುವ ಆ ಸೀರೆ ಹಾಲಕ್ಕಿ ಹೆಂಗಸರ ನಿತ್ಯದ ಉಡುಗೆ. ಅದನ್ನು ಸದ್ಗುಣ ಮಾಡಿ ತೋರಿಸಿದ್ದು ಹೊರಗಿನವರ ಕಣ್ಣು. ಅರಣ್ಯ ಇಲಾಖೆಯ ಸಸಿತೋಟದಲ್ಲಿ ದಶಕಗಟ್ಟಲೆ ದುಡಿದು, ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು ಎಂದು ಗುರುತಿಸುತ್ತಿದ್ದ ಜ್ಞಾನ ಎಷ್ಟು ವರದಿಗಳ ಮೊದಲ ಪ್ಯಾರಾದಲ್ಲಿ ಬಂತು? ಹೊಗಳುವಾಗಲೂ ಉಡುಪನ್ನು ಮೂರನೇ ಪ್ಯಾರಾಕ್ಕೆ ಇಡಿ.

ಉಟ್ಟ ಸೀರೆಯನ್ನೇ ಮತ್ತೆ ಉಟ್ಟರೆ ಫೋಟೊ ನೋಡಿ ಆಡಿಕೊಳ್ಳುತ್ತಾರೆ. ರಾಜಮನೆತನದವರೂ ಈಗ ಮತ್ತೆ ಮತ್ತೆ ಉಡುತ್ತಾರಂತೆ, ನಿಜವೇ? ಕರಾವಳಿಯಲ್ಲಿ ರೇಷ್ಮೆ ಹಾಳಾಗದಂತೆ ಇಡುವುದು ಹೇಗೆ?
— ಬ್ಯಾಂಕ್ ಉದ್ಯೋಗಿ, ಕಾರವಾರ

ನಿಜ. ಬ್ರಿಟನ್ನಿನ ರಾಜಕುಮಾರಿ ಆನ್ ದಶಕಗಳ ಹಿಂದಿನ ಉಡುಪುಗಳನ್ನು ಈಗಲೂ ತೊಡುತ್ತಾರೆ. ಸ್ಪೇನಿನ ರಾಣಿ ಲೆತೀಸಿಯಾ ಕೂಡ. ನೀವೂ ಉಡಿ.

ಇಡುವ ಕ್ರಮ: ಕಳಚಿದ ಕೂಡಲೇ ಮಡಿಸಬೇಡಿ, ರಾತ್ರಿಯಿಡೀ ಫ್ಯಾನಿನ ಗಾಳಿಗೆ ನೆರಳಲ್ಲಿ ಹರವಿ. ಬೆವರು ಉಳಿದರೆ ಬೂಷ್ಟು ಹಿಡಿಯುವುದು ಖಂಡಿತ. ಸೆಂಟನ್ನು ಜರಿಗೆ ತಾಗಿಸಬೇಡಿ, ಕಪ್ಪಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಕೊಳ್ಳುತ್ತದೆ, ಗಂಜಿ ಹಾಕದ ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ. ನುಸಿಗುಳಿಗೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಗಿಡಿ, ಸೀರೆಗೆ ತಾಗಬಾರದು. ಕಪಾಟು ಗೋಡೆಯಿಂದ ಎರಡು ಇಂಚು ದೂರ ನಿಲ್ಲಲಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲವಾದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿದು ಸೀರೆ ಸೀಳುತ್ತದೆ. ಮಳೆ ಹೊಯ್ಯುವ ದಿನ ಕಪಾಟು ತೆರೆದಿಡಬೇಡಿ.

ಸಮಾರಂಭದ ಫೋಟೊ ಹಾಕಿ ಸೊಸೆಯ ಉಡುಪಿನ ಬಗ್ಗೆ ಅಸಹ್ಯವಾಗಿ ಬರೆದಿದ್ದಾರೆ. ಕಾನೂನಿನಲ್ಲಿ ದಾರಿಯಿದೆಯೇ?
— ವ್ಯಾಪಾರಿ, ಭಟ್ಕಳ

ಸೀರೆ ಚೆನ್ನಾಗಿಲ್ಲ ಎಂದರೆ ಅಪರಾಧವಲ್ಲ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ, ಪ್ರದರ್ಶಿಸಿದ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 79 ಇದೆ. ಖಾಸಗಿ ಸ್ಥಿತಿಯಲ್ಲಿರುವ ಹೆಂಗಸಿನ ಚಿತ್ರ ತೆಗೆದರೆ, ಹಂಚಿದರೆ ಕಲಂ 77. ಬೇಡವೆಂದರೂ ಬೆನ್ನು ಬಿದ್ದರೆ ಕಲಂ 78. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ.

ಮೊದಲು ಸಾಕ್ಷ್ಯ ಉಳಿಸಿ: ಬರೆದವರ ಖಾತೆಯ ಹೆಸರು, ಕೊಂಡಿಯ ವಿಳಾಸ, ದಿನ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್. ಅಳಿಸಿ ಎಂದು ಜಗಳಕ್ಕೆ ಹೋದರೆ ಸಾಕ್ಷ್ಯವೇ ಮಾಯವಾಗುತ್ತದೆ. ಆಮೇಲೆ ಆ ಜಾಲತಾಣದಲ್ಲಿ ದೂರು ಕೊಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ ಅಥವಾ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಮಹಿಳಾ ಸಹಾಯವಾಣಿ 181. ಹತ್ತಿರದ ಯಾವ ಠಾಣೆಯಲ್ಲೂ ದೂರು ಕೊಡಬಹುದು.

ತಡವಾಗುತ್ತದೆ ಎಂದು ಕೈಬಿಡಬೇಡಿ. 2012ರಲ್ಲಿ ಫ್ರಾನ್ಸಿನ ಖಾಸಗಿ ಮನೆಯ ತಾರಸಿಯಲ್ಲಿದ್ದ ಕೇಟ್ ಅವರನ್ನು ಉದ್ದ ಲೆನ್ಸಿನಿಂದ ತೆಗೆದ ಚಿತ್ರಗಳನ್ನು ಅಲ್ಲಿಯ ಪತ್ರಿಕೆಯೊಂದು ಪ್ರಕಟಿಸಿತ್ತು. 2017ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ದಂಪತಿಗೆ ಒಂದು ಲಕ್ಷ ಯೂರೊ ಪರಿಹಾರ ಕೊಡಿಸಿತು. ಸಂಪಾದಕಿಗೂ ಮಾಲೀಕರ ಕಡೆಯವರಿಗೂ ತಲಾ 45,000 ಯೂರೊ ದಂಡ ಬಿತ್ತು.

ಬರೆದದ್ದು ಮುದ್ರಿತ ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ನೋಂದಾಯಿತ ಅಂಚೆಯಲ್ಲಿ ಆಕ್ಷೇಪ ಕಳಿಸಿ. ತೃಪ್ತಿಯಾಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಗಳಿಗೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ ಹೋಗಬೇಕು. ಪತ್ರಿಕೆಯ ಮೂಲ ತುಣುಕು, ಕನ್ನಡದ್ದಾದರೆ ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಬಂದಿದ್ದರೆ ಅವರ ಉತ್ತರ, ಇದೇ ವಿಷಯ ನ್ಯಾಯಾಲಯದಲ್ಲಿ ಇಲ್ಲ ಎಂಬ ಘೋಷಣೆ, ಇಷ್ಟನ್ನೂ ಲಗತ್ತಿಸಿ. ಟಿವಿ ವಾಹಿನಿಗಳು ಈ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ವಿರುದ್ಧದ ದೂರನ್ನು ಮೊದಲು ಆ ವಾಹಿನಿಯ ದೂರು ಅಧಿಕಾರಿಗೇ ಕಳಿಸಬೇಕು.